ಬೀಗರ ಕಾರು ಎಂಬತ್ತೈದರಲ್ಲಿ ಓಡಿದ್ದು

ಈಚೆಗೆ ಹಾವೇರಿಗೆ ಹೋದಾಗ ಮೌಸ್ ಕೊಳ್ಳಲೆಂದು ಒಂದು ಕಂಪ್ಯೂಟರ್ ಅಂಗಡಿಗೆ ಹೊಕ್ಕೆ. ಅಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದ ಹುಡುಗಿಯೊಬ್ಬಳು ನನಗೆ ಮಾನಿಟರ್ ಮಾರಲು ನೋಡಿದಳು.

"ಅಕ್ಕಾರ, ಇದು ನೂರಾ ನಲವತ್ನಾಲ್ಕು ಹರ್ಟ್ಝ್ ಐತ್ರಿ. ಗೇಮ್ ಆಡಾಕ ಭಾಳ ಛಲೋ."

"ಯಾಕ ಛಲೋ ತಂಗಿ?"

ಆಕೆ ಸ್ವಲ್ಪ ಯೋಚಿಸಿ, "ನೂರಾ ನಲವತ್ನಾಲ್ಕು ಐತೆಲ್ರಿ, ಅದಕ್ಕ" ಎಂದಳು. ನಾನು ಇಪ್ಪತ್ತೆಂಟು ವರ್ಷ ಪರದೆಗಳನ್ನೇ ರಿಪೇರಿ ಮಾಡಿ ನಿವೃತ್ತಳಾದವಳು ಎಂದು ತಿಳಿಸಿದೆ. ಆಕೆ ಗೌರವದಿಂದ ಕುರ್ಚಿ ಕೊಟ್ಟು ಕೇಳಿದಳು: "ನಿಮ್ಮ ಕಾಲದಾಗ ಹರ್ಟ್ಝ್ ಇತ್ತೇನ್ರಿ?"

ಇತ್ತು ತಂಗಿ. ಅದರ ದೆಸೆಯಿಂದ ಒಂದು ಮದುವೆ ತಪ್ಪುವುದರಲ್ಲಿತ್ತು. ನಿನ್ನಂಥವರು ಓದಲೆಂದೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಹೆಸರು ಶಶಿಕಲಾ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಮೊದಲು ಟಿವಿ ರಿಪೇರಿ ಮಾಡುತ್ತಿದ್ದೆ. ಎರಡು ಸಾವಿರದ ಇಸವಿಯ ಹೊತ್ತಿಗೆ ರಾಣೆಬೆನ್ನೂರಿನಲ್ಲಿ ರುದ್ರಮುನಿ ಸರ್ ಅವರ ಕಂಪ್ಯೂಟರ್ ಅಂಗಡಿಗೆ ಸರ್ವೀಸ್ ಎಂಜಿನಿಯರ್ ಎಂದು ಸೇರಿದೆ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರೂ ಕಡೆಗೆ ನಾನೊಬ್ಬಳೇ. ಯಾರ ಮನೆಗೆ ಹೋದರೂ ಬಾಗಿಲು ತೆರೆದವರು ನನ್ನನ್ನು ನೋಡಿ, ಆಮೇಲೆ ನನ್ನ ಬೆನ್ನ ಹಿಂದೆ ನೋಡಿ, "ಎಂಜಿನಿಯರ್ ಎಲ್ಲಿ ಅದಾರ್ರಿ?" ಎಂದು ಕೇಳುತ್ತಿದ್ದರು. ಮೊದಮೊದಲು ಬೇಸರವಾಗುತ್ತಿತ್ತು. ಆಮೇಲಾಮೇಲೆ ನಾನೂ ಹಿಂದಕ್ಕೆ ತಿರುಗಿ ನೋಡಿ, "ಬಂದಿಲ್ಲಂತ ಕಾಣ್ತೈತಿ, ನಾನ ನೋಡ್ತೀನಿ ಬಿಡ್ರಿ" ಎನ್ನುತ್ತಿದ್ದೆ.

ಆಗಿನ ಮಾನಿಟರ್ ಎಂದರೆ ಹಿಂದೆ ಡುಬ್ಬವಿದ್ದ ಗಾಜಿನ ಡಬ್ಬಿ. ಎತ್ತಲು ಇಬ್ಬರು ಬೇಕು. ಅದರೊಳಗೆ ಒಂದು ಕಿರಣ ಮೇಲಿನಿಂದ ಕೆಳಗಿನವರೆಗೆ ಸಾಲುಸಾಲಾಗಿ ಚಿತ್ರ ಬರೆಯುತ್ತದೆ. ಬರೆದದ್ದು ಕೂಡಲೇ ಆರಿಹೋಗುತ್ತದೆ, ಮತ್ತೆ ಬರೆಯಬೇಕು. ಸೆಕೆಂಡಿಗೆ ಎಷ್ಟು ಸಲ ಬರೆಯುತ್ತದೆಯೋ ಅಷ್ಟು ಹರ್ಟ್ಝ್. ಅರವತ್ತು ಸಲ ಬರೆದರೆ ಚಿತ್ರ ಕಾಣುತ್ತದೆ, ಆದರೆ ಸಣ್ಣಗೆ ಮಿಣುಕುತ್ತಿರುತ್ತದೆ. ಕಣ್ಣು ಅದನ್ನು ಸಹಿಸಿಕೊಳ್ಳುತ್ತದೆ, ತಲೆ ಸಹಿಸುವುದಿಲ್ಲ.

ಇದು ನನಗೆ ತಿಳಿದದ್ದು ಪುಠಾಣಿಯಿಂದ, ಅಂದರೆ ಹುರಿಗಡಲೆಯಿಂದ. ಹಾವೇರಿಯಲ್ಲಿ ತಿಪ್ಪಣ್ಣ ಎಂಬವರ ಸೈಬರ್ ಕೆಫೆ ಇತ್ತು. ಅಲ್ಲಿ ಗೇಮ್ ಆಡಲು ಬಂದವರೆಲ್ಲ ಅರ್ಧ ತಾಸಿಗೆ ಹಣೆ ಹಿಡಿದುಕೊಂಡು ಏಳುತ್ತಿದ್ದರು. ತಿಪ್ಪಣ್ಣ ಮಾನಿಟರುಗಳ ಮುಖವನ್ನು ದಕ್ಷಿಣದಿಂದ ಪೂರ್ವಕ್ಕೆ ತಿರುಗಿಸಿದ್ದರು, ಬಾಗಿಲಿಗೆ ಲಿಂಬೆಹಣ್ಣು ಕಟ್ಟಿದ್ದರು. ಉಳಿದದ್ದು ನನ್ನನ್ನು ಕರೆಸುವುದು. ನಾನು ಹೋಗಿ ಎಲ್ಲ ತಂತಿ ಬಿಚ್ಚಿ ಹಾಕಿದೆ, ದೋಷ ಸಿಗಲಿಲ್ಲ. ಹಸಿವಾಗಿ, ಚೀಲದಲ್ಲಿದ್ದ ಪುಠಾಣಿ ಬಾಯಿಗೆ ಹಾಕಿಕೊಂಡು ಪರದೆ ನೋಡುತ್ತ ಕುಳಿತೆ. ಅಗಿಯುತ್ತಿದ್ದಂತೆ ಪರದೆಯ ಮೇಲಿನ ಚಿತ್ರ ಗಡಗಡ ನಡುಗಿತು. ಅಗಿಯುವುದನ್ನು ನಿಲ್ಲಿಸಿದೆ, ನಡುಕ ನಿಂತಿತು. ಗೋಡೆಯ ಕ್ಯಾಲೆಂಡರ್ ನೋಡುತ್ತ ಅಗಿದೆ, ಅದು ಅಲುಗಲಿಲ್ಲ.

ಗಟ್ಟಿ ಕಾಳು ಅಗಿದಾಗ ತಲೆಬುರುಡೆ ಅದುರುತ್ತದೆ, ಅದರ ಜೊತೆ ಕಣ್ಣೂ ಅದುರುತ್ತದೆ. ಎದುರಿನ ಬೆಳಕು ಮಿಣುಕುತ್ತಿದ್ದರೆ ಚಿತ್ರ ನಡುಗಿದಂತೆ ಕಾಣುತ್ತದೆ. ಸೆಟ್ಟಿಂಗಿನಲ್ಲಿ ನೋಡಿದೆ, ಅರವತ್ತು ಇತ್ತು. ಎಂಬತ್ತೈದು ಮಾಡಿದೆ. ನಡುಕ ಬಹಳ ಕಡಿಮೆಯಾಯಿತು. ತಿಪ್ಪಣ್ಣನವರಿಗೂ ಒಂದು ಮುಷ್ಟಿ ಪುಠಾಣಿ ಕೊಟ್ಟು, ಅರವತ್ತರದೊಂದು ಎಂಬತ್ತೈದರದೊಂದು ಮಾನಿಟರುಗಳ ನಡುವೆ ನಿಲ್ಲಿಸಿದೆ. ಅವರು ಅಗಿಯುತ್ತ ಒಂದನ್ನು ನೋಡಿದರು, ಇನ್ನೊಂದನ್ನು ನೋಡಿದರು, ಬಂದ ಗಿರಾಕಿಗಳಿಗೆಲ್ಲ ಹಂಚಿದರು. ಸ್ವಲ್ಪ ಹೊತ್ತಿನಲ್ಲಿ ಇಡೀ ಕೆಫೆ ಕಟಕಟ ಅಗಿಯುತ್ತ ನಿಂತಿತ್ತು.

ಸರ್ವೀಸ್ ವರದಿಯಲ್ಲಿ ನಾನು 'ಪುಠಾಣಿ ತಿಂದು ಪರೀಕ್ಷಿಸಲಾಯಿತು' ಎಂದು ಬರೆದೆ. ರುದ್ರಮುನಿ ಸರ್ ಕನ್ನಡಕ ತೆಗೆದು ಹೇಳಿದರು: "ಶಶಿಕಲಾ, ಇದನ್ನ ಗಿರಾಕಿ ಓದ್ತಾರವ್ವ. ದೃಶ್ಯ ಪರೀಕ್ಷೆ ಅಂತ ಬರಿ." ಅಂದಿನಿಂದ ಹಾಗೆಯೇ ಬರೆದೆ.

ಅಷ್ಟಕ್ಕೆ ನಾನು ಬುದ್ಧಿವಂತಳಾದೆ ಎಂದುಕೊಳ್ಳಬೇಡಿ. ಎಂಬತ್ತೈದು ಒಳ್ಳೆಯದಾದರೆ ನೂರಾ ಇಪ್ಪತ್ತು ಇನ್ನೂ ಒಳ್ಳೆಯದಲ್ಲವೇ ಎಂಬ ಹುಚ್ಚು ಹತ್ತಿತು. ಕುಮಾರಪಟ್ಟಣದಲ್ಲಿ ನೌಕರರೊಬ್ಬರ ಮನೆಗೆ ಹೋದಾಗ ಅವರ ಪುಟ್ಟ ಹಳೆಯ ಮಾನಿಟರಿಗೆ ನೂರಾ ಇಪ್ಪತ್ತು ಕೊಟ್ಟೆ. ಅದು ಕೀಂ ಎಂದು ಸಣ್ಣಗೆ ಅತ್ತು ಕಪ್ಪಾಯಿತು. ಹದಿನೈದು ಸೆಕೆಂಡ್ ಕೈಕಟ್ಟಿ ಕುಳಿತಿದ್ದರೆ ಕಂಪ್ಯೂಟರ್ ತಾನಾಗಿಯೇ ಹಳೆಯ ಸೆಟ್ಟಿಂಗಿಗೆ ಮರಳುತ್ತಿತ್ತು. ನಾನು ಗಾಬರಿಯಿಂದ ಎಂಟರ್ ಒತ್ತಿದೆ. ಅಂದರೆ, ಇದೇ ಇರಲಿ ಎಂದು ಒಪ್ಪಿಕೊಂಡಂತಾಯಿತು. ಕಾಣದ ಪರದೆಯ ಮೇಲೆ ನೆನಪಿನಿಂದಲೇ ಕೀಲಿಗಳನ್ನು ಒತ್ತುತ್ತ ಹೋದೆ. ಎಲ್ಲಿ ತಪ್ಪಿತೋ, ಕತ್ತಲೆಯೊಳಗಿಂದ ಭರ್ರ್ ಎಂದು ಕಾರಿನ ಎಂಜಿನ್ ಸದ್ದು ಕೇಳಿತು. ಗೇಮ್ ಶುರುವಾಗಿತ್ತು. ಆ ಮನೆಯ ಅಜ್ಜಿ ಅಡುಗೆಮನೆಯಿಂದಲೇ ಕೂಗಿ ಹೇಳಿದರು: "ಯಾರೋ ಗಾಡಿ ತಗೊಂಡ ಬಂದಾರ ನೋಡ್ರಿ, ಬಾಗಲಾ ತಗೀರಿ." ಯಜಮಾನರು ನಿಜವಾಗಿಯೂ ಹೋಗಿ ಬಾಗಿಲು ತೆಗೆದು ರಸ್ತೆ ನೋಡಿ ಬಂದರು.

ಪ್ರತಿ ಮಾನಿಟರಿಗೂ ಅದರದೇ ಮಿತಿ ಇರುತ್ತದೆ, ಅದನ್ನು ಪುಸ್ತಿಕೆಯಲ್ಲಿ ಓದಿಯೇ ಕೈ ಹಾಕಬೇಕು ಎಂಬುದನ್ನು ಅಂದು ಕಲಿತೆ.

ಇನ್ನು ಮದುವೆಯ ವಿಷಯ.

ರಾಣೆಬೆನ್ನೂರಿನಲ್ಲಿ ಈರಣ್ಣ ಎಂಬವರ ಬೀಜದ ಅಂಗಡಿ ಇತ್ತು. ಐವತ್ತು ದಾಟಿದ ಗಂಭೀರ ಮನುಷ್ಯ, ಮೀಸೆ ದಪ್ಪ, ಮಾತು ಕಡಿಮೆ. ದಾಸ್ತಾನು ಬರೆದಿಡಲು ಕಂಪ್ಯೂಟರ್ ತಂದಿದ್ದರು. ಅದರೊಳಗೆ ಯಾರೋ ಹಾಕಿಕೊಟ್ಟಿದ್ದ ಒಂದು ಹಳೆಯ ಕಾರ್ ರೇಸ್ ಆಟ ಅವರನ್ನು ಹಿಡಿದುಬಿಟ್ಟಿತ್ತು. ಕಣ್ಣುರಿ ಎಂದು ನನ್ನನ್ನು ಕರೆಸಿದರು. ಹದಿನೇಳು ಇಂಚಿನ ಒಳ್ಳೆಯ ಡಬ್ಬಿ ಮಾನಿಟರ್, ಅರವತ್ತರಲ್ಲಿ ಓಡುತ್ತಿತ್ತು. ಎಂಬತ್ತೈದು ಮಾಡಿದೆ. ಆಟ ಶುರುವಾದಾಗ ಮತ್ತೆ ಅರವತ್ತಕ್ಕೆ ಜಾರದಂತೆ ಆಟದ ಸೆಟ್ಟಿಂಗಿನಲ್ಲಿಯೂ ಗಟ್ಟಿ ಮಾಡಿದೆ. ಒಂದು ವಾರ ಬಿಟ್ಟು ಈರಣ್ಣನವರೇ ಅಂಗಡಿಗೆ ಬಂದರು. "ಕಣ್ಣು ತಣ್ಣಗಾದ್ವು ಅಕ್ಕಾರ. ಮೊದಲಿಗೆ ಕಾರು ಕೈಗೆ ಸಿಗವಲ್ದಾಗಿತ್ತು, ಈಗ ರೂಢಿ ಆಗೈತಿ" ಎಂದರು. ಕಾರು ಯಾಕೆ ಕೈಗೆ ಸಿಗಲಿಲ್ಲ ಎಂದು ನಾನು ಕೇಳಬೇಕಾಗಿತ್ತು. ಕೇಳಲಿಲ್ಲ. ನನ್ನ ವೃತ್ತಿಜೀವನದ ದೊಡ್ಡ ತಪ್ಪು ಅದು.

ಅದೇ ದಿನಗಳಲ್ಲಿ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಚನ್ನಬಸಪ್ಪನವರು ಚಪ್ಪಟೆ ಎಲ್‌ಸಿಡಿ ಪರದೆ ಕೊಂಡರು. ನಮ್ಮ ಅಂಗಡಿಯಿಂದ ಹೋದ ಮೊದಲನೆಯದು ಅದೇ. ಅವರಿಗೂ ಅದೇ ಆಟದ ಹುಚ್ಚು. ರುದ್ರಮುನಿ ಸರ್ ಅದನ್ನು ಮಾರುವಾಗ, "ಸಾವಕಾರ್ರ, ಇದರಾಗ ನಿಮ್ಮ ಕಾರು ವಿಮಾನ ಆಗತೈತಿ" ಎಂದಿದ್ದರು. ಎಲ್‌ಸಿಡಿಯ ಗುಣವೇ ಬೇರೆ. ಅದರ ಹಿಂದೆ ಬೆಳಕು ಸದಾ ಉರಿಯುತ್ತಿರುತ್ತದೆ, ಆದ್ದರಿಂದ ಅರವತ್ತರಲ್ಲಿಯೂ ಮಿಣುಕುವುದಿಲ್ಲ, ಕಣ್ಣಿಗೆ ಹಿತ. ಆದರೆ ಆ ಕಾಲದ ಎಲ್‌ಸಿಡಿ ನಿಧಾನಿ. ವೇಗವಾಗಿ ಓಡುವ ವಸ್ತುವಿನ ಹಿಂದೆ ಬಾಲದಂತೆ ಮಸುಕು ಉಳಿಯುತ್ತಿತ್ತು. ಚನ್ನಬಸಪ್ಪನವರು ಆ ಮಸುಕನ್ನು ನೋಡಿ, ತಮ್ಮ ಕಾರು ಹೊಗೆ ಬಿಡುತ್ತಿದೆ ಎಂದುಕೊಂಡು ಸಂತೋಷಪಟ್ಟಿದ್ದರು.

ಚನ್ನಬಸಪ್ಪನವರ ಮಗಳು ಸುಮಂಗಲಾ. ಈರಣ್ಣನವರ ಮಗ ಪ್ರಕಾಶ. ಮೋಟೆಬೆನ್ನೂರಿನ ಸಂಬಂಧಿಕರೊಬ್ಬರು ಎರಡೂ ಮನೆಗಳ ನಡುವೆ ಮಾತು ತಂದರು. ಜಾತಕ ಕೂಡಿತು. ಮೊದಲ ಭೇಟಿಯಲ್ಲೇ ಅಪ್ಪಂದಿರಲ್ಲಿ ಒಬ್ಬರ ಆಟದ ಹುಚ್ಚು ಇನ್ನೊಬ್ಬರಿಗೆ ತಿಳಿದು, ಹುಡುಗ ಹುಡುಗಿಯನ್ನು ಬಿಟ್ಟು ಅವರೇ ಪರಸ್ಪರ ಒಪ್ಪಿಕೊಂಡುಬಿಟ್ಟರು. ದಿನವೂ ಫೋನು. ಯಾವ ತಿರುವಿನಲ್ಲಿ ಬ್ರೇಕ್ ಹಾಕಬೇಕು, ಸೇತುವೆಯ ಬಳಿ ಎಡಕ್ಕೋ ಬಲಕ್ಕೋ. ಎಲ್ಲ ಸರಿ ಇತ್ತು, ಒಂದು ದಿನ ಚನ್ನಬಸಪ್ಪನವರು, "ಬೀಗರ, ಮೂರು ಸುತ್ತಿಗೆ ನಿಮಗ ಎಷ್ಟು ಹೊತ್ತು ಹಿಡೀತೈತಿ?" ಎಂದು ಕೇಳುವವರೆಗೆ.

"ಗಡಿಯಾರ ಹಿಡದು ನೋಡೇನ್ರಿ. ಮೂರು ನಿಮಿಷ."

ಚನ್ನಬಸಪ್ಪನವರು ಫೋನು ಇಟ್ಟುಬಿಟ್ಟರು. ಅವರಿಗೆ ಎಷ್ಟೇ ಚೆನ್ನಾಗಿ ಓಡಿಸಿದರೂ ನಾಲ್ಕೂಕಾಲು ನಿಮಿಷ ಹಿಡಿಯುತ್ತಿತ್ತು. ಮರುದಿನ ಮತ್ತೆ ಕೇಳಿದರು. ಅದೇ ಉತ್ತರ. ಅಂದು ಊಟಕ್ಕೆ ಕುಳಿತಾಗ ಹೆಂಡತಿ ಗಿರಿಜವ್ವನ ಮುಂದೆ ಹೇಳಿದರಂತೆ: "ಆಟದಾಗ ಇಷ್ಟು ಸುಳ್ಳ ಹೇಳಾವರು ಸಂಸಾರದಾಗ ಎಷ್ಟು ಹೇಳ್ತಾರು. ಅಂಥಾ ಮನಿಗೆ ಮಗಳನ್ನ ಕೊಡೂದು ಹೆಂಗ?"

ಮಾತು ಮೋಟೆಬೆನ್ನೂರಿನ ಸಂಬಂಧಿಕರ ಮೂಲಕ ಈರಣ್ಣನವರಿಗೆ ಮುಟ್ಟಿತು. ಅವರು ಜೀವನದಲ್ಲಿ ಕಳಪೆ ಬೀಜ ಮಾರಿದವರಲ್ಲ. ಸುಳ್ಳುಗಾರ ಎನಿಸಿಕೊಂಡದ್ದು ಅವರ ಎದೆಗೆ ನಾಟಿತು. "ಬರೂ ಐತವಾರ ನನ್ನ ಕಂಪ್ಯೂಟರ್ ತಗೊಂಡ ಬ್ಯಾಡಗಿಗೆ ಬರ್ತೇನಿ. ನಿಮ್ಮ ಕಣ್ಣ ಮುಂದ ಓಡಸ್ತೇನಿ. ಆಮ್ಯಾಲ ಸಂಬಂಧದ ಮಾತು" ಎಂದು ಹೇಳಿ ಕಳಿಸಿದರು.

ಎರಡೂ ಕಂಪ್ಯೂಟರುಗಳನ್ನು ಅಕ್ಕಪಕ್ಕ ಜೋಡಿಸಿಕೊಡಲು ನನಗೆ ಕರೆ ಬಂತು. ತಾವು ಮಾರಿದ ಎಲ್‌ಸಿಡಿ ಸೋತರೆ ವಾಪಸು ಬರುತ್ತದೆ ಎಂಬ ಭಯಕ್ಕೆ ರುದ್ರಮುನಿ ಸರ್ ಕೂಡ ಜೊತೆಗೆ ಹೊರಟರು.

ಆ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಚನ್ನಬಸಪ್ಪನವರ ಪಡಸಾಲೆ. ಬೀಜದ ಚೀಲಗಳ ನಡುವೆ ದುಪ್ಪಟಿ ಸುತ್ತಿ ತಂದಿದ್ದ ಡಬ್ಬಿ ಮಾನಿಟರನ್ನು ಈರಣ್ಣ, ಪ್ರಕಾಶ ಇಬ್ಬರೂ ಜೀಪಿನಿಂದ ಇಳಿಸಿ ಒಳಗೆ ಇಟ್ಟರು. ಅದರ ಪಕ್ಕದಲ್ಲಿ ಚನ್ನಬಸಪ್ಪನವರ ತೆಳುವಾದ ಪರದೆ. ಬ್ಯಾಡಗಿಯ ಗಾಳಿಯಲ್ಲಿ ಮೆಣಸಿನಕಾಯಿ ಘಾಟು ಇದ್ದೇ ಇರುತ್ತದೆ. ಊರಿನವರಿಗೆ ಅದು ಗೊತ್ತೇ ಆಗುವುದಿಲ್ಲ. ಈರಣ್ಣನವರು ಮಾತ್ರ ಹೊಸ್ತಿಲು ದಾಟಿದಾಗಿನಿಂದ ಸೀನುತ್ತಿದ್ದರು.

"ಬೀಗರಿಗೆ ನೀರು ಕೊಡು" ಎಂದರು ಚನ್ನಬಸಪ್ಪ.

"ಇನ್ನೂ ಬೀಗರಾಗಿಲ್ಲ" ಎಂದು ನೆನಪಿಸಿ ಗಿರಿಜವ್ವ ನೀರು ಕೊಟ್ಟರು. ಓಟ ಶುರು ಮಾಡುವ ಕೆಲಸವನ್ನೂ ಅವರಿಗೇ ಒಪ್ಪಿಸಲಾಯಿತು. ಇಬ್ಬರೂ ಕುಳಿತರು. ಗಿರಿಜವ್ವ ಸೆರಗು ಸರಿಮಾಡಿಕೊಂಡು, "ಹೂಂ, ಒತ್ರಿ" ಎಂದರು. ಇಬ್ಬರೂ ಒಂದೇ ಸಲಕ್ಕೆ ಒತ್ತಿದರು.

ಪರದೆಯ ಮೇಲೆ ಕೆಂಪು ದೀಪ, ಮತ್ತೊಂದು ಕೆಂಪು, ಆಮೇಲೆ ಹಸಿರು. ಈರಣ್ಣನವರ ಪರದೆಯಲ್ಲಿ ಹಸಿರು ಮೊದಲು ಬಂತು. ಇದು ಏನೋ ಸರಿಯಿಲ್ಲ ಎಂದು ನನಗೆ ಅನಿಸುವಷ್ಟರಲ್ಲಿ ಅವರ ಕಾರು ಹೊರಟಿತ್ತು. ಮರಗಳು ಸರಸರ ಹಿಂದೆ ಹೋಗುತ್ತಿದ್ದವು. ಈರಣ್ಣನವರು ಸೀನುತ್ತಿದ್ದರು, ಸೀನುತ್ತಲೇ ತಿರುವು ಹೊಡೆಯುತ್ತಿದ್ದರು. ಪಕ್ಕದಲ್ಲಿ ಚನ್ನಬಸಪ್ಪನವರ ಕಾರು ಹಿಂದೆ ಮಸುಕು ಬಿಡುತ್ತ ಎತ್ತಿನ ಗಾಡಿಯಂತೆ ಸಾಗಿತ್ತು. ಅವರು ಮೂರನೆಯ ಸುತ್ತಿಗೆ ಕಾಲಿಡುವಾಗ ಈರಣ್ಣನವರು ಮೂರನ್ನೂ ಮುಗಿಸಿ, ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡರು. ಗೋಡೆ ಗಡಿಯಾರದಲ್ಲಿ ಸರಿಯಾಗಿ ಮೂರು ನಿಮಿಷ.

ಚನ್ನಬಸಪ್ಪನವರು ಕೀಬೋರ್ಡ್ ಸರಿಸಿ ಎದ್ದುನಿಂತರು. "ಇದರಾಗ ಏನೋ ಕೈಚಳಕ ಐತಿ. ಸೀನಕೋತ ಯಾರರೆ ಹಿಂಗ ಓಡಸ್ತಾರೇನು?"

ಈರಣ್ಣನವರೂ ಎದ್ದರು. ಅವರ ಮುಖ ಕೆಂಪಾಗಿತ್ತು, ಅದರಲ್ಲಿ ಘಾಟು ಎಷ್ಟು, ಸಿಟ್ಟು ಎಷ್ಟು ಹೇಳುವುದು ಕಷ್ಟ. "ಮೊದಲ ಸುಳ್ಳುಗಾರ ಅಂದ್ರಿ. ಈಗ ಕಳ್ಳ ಅಂದ್ರಿ. ಪ್ರಕಾಶ ಎಲ್ಲಿ? ಕರೀರಿ ಅವನ್ನ, ಹೋಗೂಣು."

ಅಷ್ಟರಲ್ಲಿ ನನಗೆ ಹೊಳೆಯಿತು. ಅಂದಿನ ಕೆಲವು ಹಳೆಯ ಆಟಗಳು ಗಡಿಯಾರ ನೋಡಿ ಓಡುತ್ತಿರಲಿಲ್ಲ, ಪರದೆಯನ್ನು ನೋಡಿ ಓಡುತ್ತಿದ್ದವು. ಪರದೆ ಒಂದು ಸಲ ಚಿತ್ರ ಬರೆದರೆ ಕಾರು ಒಂದು ಹೆಜ್ಜೆ ಮುಂದೆ. ಸೆಕೆಂಡಿಗೆ ಅರವತ್ತು ಸಲ ಬರೆದರೆ ಅರವತ್ತು ಹೆಜ್ಜೆ, ಎಂಬತ್ತೈದು ಸಲ ಬರೆದರೆ ಎಂಬತ್ತೈದು ಹೆಜ್ಜೆ. ಈರಣ್ಣನವರ ಕಾರು ಓಡಿದ್ದು ನನ್ನ ಎಂಬತ್ತೈದರಿಂದ. ಅವರಿಗೆ ಅದರ ಸುಳಿವೇ ಇರಲಿಲ್ಲ.

ನಾನು ಬಾಯಿ ತೆರೆಯುವುದನ್ನು ನೋಡಿ ರುದ್ರಮುನಿ ಸರ್ ಪಕ್ಕಕ್ಕೆ ಬಂದು ಪಿಸುಗುಟ್ಟಿದರು: "ಶಶಿಕಲಾ, ಸುಮ್ಮನಿರು. ಇಬ್ಬರೂ ನಮ್ಮ ಗಿರಾಕಿ."

ಹೇಳದಿದ್ದರೆ ಈರಣ್ಣ ಕಳ್ಳರಾಗಿ ಉಳಿಯುತ್ತಾರೆ. ಹೇಳಿದರೆ ಅವರ ಮೂರು ನಿಮಿಷ ಹೋಗುತ್ತದೆ. ಆ ಮೂರು ನಿಮಿಷದ ಬಗ್ಗೆ ಅವರಿಗೆ ಎಷ್ಟು ಹೆಮ್ಮೆ ಇತ್ತೆಂದು ಅವರು ಮೂಗು ಒರೆಸಿಕೊಂಡ ರೀತಿಯಲ್ಲೇ ಕಂಡಿತ್ತು.

"ಸಾವಕಾರ್ರ, ಕಳ್ಳತನ ಆಗಿಲ್ಲ. ತಪ್ಪು ನಂದು" ಎಂದೆ. ಎಲ್ಲವನ್ನೂ ವಿವರಿಸಿದೆ. ಯಾರಿಗೂ ಅರ್ಥವಾಗಲಿಲ್ಲ. ಕೊನೆಗೆ ಡಬ್ಬಿ ಮಾನಿಟರನ್ನು ಎಂಬತ್ತೈದರಿಂದ ಅರವತ್ತಕ್ಕೆ ಇಳಿಸಿ, "ಈಗ ಓಡಸ್ರಿ" ಎಂದು ಈರಣ್ಣನವರನ್ನು ಕೂರಿಸಿದೆ.

ಕಾರು ನಿಧಾನವಾಗಿ ಹೊರಟಿತು. ಈರಣ್ಣನವರ ಕೈ ಎಂಬತ್ತೈದರ ವೇಗಕ್ಕೆ ಒಗ್ಗಿತ್ತು. ತಿರುವು ಬರುವ ಮೊದಲೇ ತಿರುಗಿಸಿದರು, ಬೇಲಿಗೆ ಹೊಡೆದರು. ಮುಂದಿನ ತಿರುವಿನಲ್ಲಿಯೂ ಹಾಗೆಯೇ. ಸೇತುವೆ ತಲುಪುವ ಮೊದಲೇ ನದಿಗೆ ಇಳಿದರು. ಕೀಬೋರ್ಡಿನ ಮೇಲೆ ಕೈ ಹಾಗೇ ಇಟ್ಟು ಕುಳಿತರು.

"ಅಂದ್ರ ಇಷ್ಟ ದಿನ ಓಡಿಸಿದ್ದು ನಾನಲ್ಲೇನ್ರಿ ಅಕ್ಕಾರ?" ಎಂದು ಕೇಳಿದರು.

ಚನ್ನಬಸಪ್ಪನವರ ಮುಖದಲ್ಲಿ ಸಿಟ್ಟು ಇಳಿದು ಬೇರೆಯೇ ಆಸೆ ಮೂಡಿತ್ತು. "ಹಂಗಾದ್ರ ನನ್ನ ಪರದೀಗೂ ಎಂಬತ್ತೈದು ಹಾಕ್ರಿ" ಎಂದರು.

"ಇದಕ್ಕ ಅರವತ್ತ ಲೆಕ್ಕರಿ. ಮ್ಯಾಲ ಹೋಗೂದಿಲ್ಲ."

ಅವರು ರುದ್ರಮುನಿ ಸರ್ ಕಡೆ ತಿರುಗಿ ನೋಡಿದರು. ಸರ್ ಗೋಡೆಯ ಮೇಲಿನ ಫೋಟೋಗಳನ್ನು ನೋಡುತ್ತಿದ್ದರು.

"ಹಂಗಾದ್ರ ಇದರಾಗ ನಾ ಕುಂದ್ರತೇನಿ" ಎಂದು ಚನ್ನಬಸಪ್ಪನವರು ಈರಣ್ಣನವರ ಜಾಗದಲ್ಲಿ ಕುಳಿತರು. ನಾನು ಡಬ್ಬಿಯನ್ನು ಮತ್ತೆ ಎಂಬತ್ತೈದಕ್ಕೆ ಏರಿಸಿದೆ. ಗಿರಿಜವ್ವ "ಹೂಂ" ಎಂದರು.

ಹಸಿರು ದೀಪ ಬಂದದ್ದೇ ಅವರಿಗೆ ಕಾಣಲಿಲ್ಲ. ಕಾರು ನೆಗೆದು ಮೊದಲ ಮರಕ್ಕೆ ಹೊಡೆಯಿತು. ಹಿಂದೆ ಸರಿದು ಇನ್ನೊಂದು ಮರಕ್ಕೆ ಹೊಡೆಯಿತು. ತಿರುವಿನಲ್ಲಿ ಉಲ್ಟಾ ತಿರುಗಿ, ಹೊರಟ ಕಡೆಗೇ ಜೋರಾಗಿ ವಾಪಸು ಹೋಯಿತು. ಅವರು ಕುಳಿತಲ್ಲೇ ಎಡಕ್ಕೂ ಬಲಕ್ಕೂ ವಾಲುತ್ತಿದ್ದರು, ಕುರ್ಚಿ ಕಿರುಗುಟ್ಟುತ್ತಿತ್ತು. ಮೂರು ನಿಮಿಷ ಕಳೆದರೂ ಮೊದಲ ಸುತ್ತು ಮುಗಿಯಲಿಲ್ಲ. ಬೆವರು ಒರೆಸಿಕೊಂಡು ಎದ್ದರು.

"ಈರಣ್ಣಾರ" ಎಂದರು, ದನಿ ತಗ್ಗಿತ್ತು. "ವೇಗ ಮಾನಿಟರಿಂದಿರಬಹುದು. ಈ ವೇಗದಾಗ ತಿರುವು ಹೊಡಿಯೂ ಕೈ ನಿಮ್ಮದ ಐತಿ. ಅದೂ ಸೀನಕೋತ. ನಾ ಅಂದದ್ದು ತಪ್ಪಾತು."

ಈರಣ್ಣನವರು ಮೀಸೆ ಮೇಲೆ ಕೈಯಾಡಿಸಿದರು. ಆಮೇಲೆ, "ಸೇತುವಿ ಹತ್ರ ನೀವು ಬ್ರೇಕ್ ಹಿಡೀಲಿಲ್ಲ ಬೀಗರ" ಎಂದರು.

"ಸೇತುವಿ ಬಂದಿದ್ದ ಗೊತ್ತಾಗಲಿಲ್ಲ."

ಗಿರಿಜವ್ವ ಈ ಸಲ ಬೀಗರು ಎಂಬ ಮಾತನ್ನು ತಿದ್ದಲಿಲ್ಲ. ಅವಲಕ್ಕಿ ತಟ್ಟೆಗಳನ್ನು ತಂದಿಟ್ಟು, "ಎಲ್ಲಾ ಮುಗೀತಲ್ಲ? ಇನ್ನ ಹುಡುಗರನ್ನ ಕೇಳೂಣೇನು?" ಎಂದರು. ಆಗಲೇ ಎಲ್ಲರಿಗೂ ನೆನಪಾದದ್ದು, ಬಂದು ಒಂದೂವರೆ ತಾಸಾದರೂ ಹುಡುಗ ಹುಡುಗಿ ಎಲ್ಲಿದ್ದಾರೆಂದು ಯಾರೂ ನೋಡಿರಲಿಲ್ಲ. ಅವರಿಬ್ಬರೂ ಹಿತ್ತಲಿನ ಕಟ್ಟೆಯ ಮೇಲೆ ಕುಳಿತು ಮಾತಾಡುತ್ತಿದ್ದರು. ಕರೆದಾಗ ಒಳಗೆ ಬಂದರು. ಪ್ರಕಾಶ ಹಿಂದೆ ನಿಂತ, ಮಾತಾಡಿದ್ದು ಸುಮಂಗಲಾ.

"ಅಪ್ಪಾ, ನಮ್ಮಿಬ್ಬರದೂ ಒಪ್ಪಿಗಿ ಐತಿ. ಅಲ್ಲಿ ಕುಂತು ಎಲ್ಲಾ ಮಾತಾಡಿ ಮುಗಿಸೀವಿ. ಒಂದ ಕರಾರು."

"ಏನವ್ವಾ?"

"ನಮ್ಮ ಮನ್ಯಾಗ ಕಂಪ್ಯೂಟರ್ ಇರೂದಿಲ್ಲ. ನಿಮ್ಮಿಬ್ಬರನ್ನ ನೋಡಿ ಸಾಕಾಗೈತಿ."

ಇಬ್ಬರು ಅಪ್ಪಂದಿರೂ ಮುಖ ಮುಖ ನೋಡಿಕೊಂಡರು. ಚನ್ನಬಸಪ್ಪನವರು ಅವಲಕ್ಕಿ ತಟ್ಟೆ ಕೆಳಗಿಟ್ಟು ಸಣ್ಣ ದನಿಯಲ್ಲಿ ಕೇಳಿದರು: "ಬೀಗರ, ನಿಮ್ಮ ಅಂಗಡಿ ಹಿಂದ ಒಂದು ಖೋಲಿ ಖಾಲಿ ಐತೇನ್ರಿ?"

"ಐತ್ರಿ" ಎಂದರು ಈರಣ್ಣ. "ಗಾಳಿ ಬೆಳಕು ಛಲೋ ಬರ್ತಾವು."

ಮುಂದಿನ ವಾರ ಆ ಕೋಣೆಗೆ ತಂತಿ ಎಳೆದವಳು ನಾನೇ. ಚನ್ನಬಸಪ್ಪನವರು ಹಟ ಹಿಡಿದು ಇನ್ನೊಂದು ಡುಬ್ಬದ ಮಾನಿಟರ್ ತರಿಸಿಕೊಂಡರು, ಎರಡನ್ನೂ ಎಂಬತ್ತೈದಕ್ಕೆ ಇಟ್ಟೆ. ರುದ್ರಮುನಿ ಸರ್ ಹೆದರಿದಂತೆ ಎಲ್‌ಸಿಡಿ ವಾಪಸು ಬರಲಿಲ್ಲ. ಅದು ಬ್ಯಾಡಗಿಯ ಮನೆಯಲ್ಲೇ ಉಳಿಯಿತು. ಅದರ ಮುಂದೆ ಕುಳಿತು ಗಿರಿಜವ್ವ, ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತ, ಮದುವೆಗೆ ಕರೆಯಬೇಕಾದವರ ಯಾದಿ ಮಾಡಿದರು. ಅದಕ್ಕೆ ಅರವತ್ತು ಧಾರಾಳವಾಗಿ ಸಾಕಾಗಿತ್ತು.